ವಿಶೇಷ ಕೊಠಡಿ

"ನಿನ್ನ ಮಗಳ ತಲೇಲಿರೋದು ಮಿದುಳಲ್ಲ ಕಣೇ, ಸಗಣಿ. ಅಲ್ಲೇ ನಿಂತ್ಕೋ, ಒಳಗೆ ಬರಬೇಡ. ಚರಂಡಿ ವಾಸನೆ ಹೊಡೀತಿದೀಯ."

ಇಷ್ಟನ್ನೂ ಬಹಳ ಸಮಾಧಾನದಿಂದಲೇ ಹೇಳಿದ ಹೆಡ್‌ಮಾಸ್ಟರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. ಅವರ ತಲೆಯ ಮೇಲಿನ ಗೋಡೆಯಲ್ಲಿ 'ಎಲ್ಲ ಮಕ್ಕಳೂ ನಮ್ಮ ಮಕ್ಕಳೇ' ಎಂದು ಬಣ್ಣದಲ್ಲಿ ಬರೆದಿತ್ತು.

ಹೊಸ್ತಿಲಾಚೆ ನಿಂತಿದ್ದವಳು ಆ ಬೀದಿಯ ಚರಂಡಿ ಬಳಿಯುವ ಹೆಂಗಸು. ಬೆಳಿಗ್ಗೆ ಇದೇ ಶಾಲೆಯ ಮುಂದಿನ ಹೂಳೆತ್ತಿ, ಕೈಕಾಲು ತೊಳೆದುಕೊಂಡು ಬಂದಿದ್ದಳು. ಹಿಂದೆ ಮೂಟೆ ಹೊರುವ ಅವಳ ಗಂಡ. ಅವರ ಮಗಳಿಗೆ ಹುಟ್ಟಿನಿಂದಲೇ ನಾಲಿಗೆ ತೊಡರುತ್ತಿತ್ತು, ನಡಿಗೆಯೂ ಓರೆ. ಕೇಳಿದ್ದಕ್ಕೆ ಉತ್ತರ ಗೊತ್ತಿರುತ್ತಿತ್ತು, ಅದು ಹೊರಗೆ ಬರುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಕಾಯುವ ತಾಳ್ಮೆ ಶಾಲೆಯಲ್ಲಿ ಯಾರಿಗೂ ಇಲ್ಲದ್ದರಿಂದ ಅವಳಿಗೆ 'ವಿಶೇಷ ಕೊಠಡಿ'ಗೆ ಬಡ್ತಿ ಸಿಕ್ಕಿತ್ತು. ಮೆಟ್ಟಿಲಿನಡಿಯ ಸಾಮಾನು ಕೋಣೆಗೆ ಹೊಸ ಬೋರ್ಡು ಹೊಡೆದರೆ ವಿಶೇಷ ಕೊಠಡಿಯಾಗುತ್ತದೆ. ಮುರಿದ ಬೆಂಚುಗಳ ಜೊತೆಗೆ ಇಂಥ ಕೆಲವು ಮಕ್ಕಳನ್ನೂ ಅಲ್ಲಿ ಇಟ್ಟಿದ್ದರು. ಮೇಷ್ಟರನ್ನು ಮಾತ್ರ ಇಟ್ಟಿರಲಿಲ್ಲ.

"ಸಗಣಿನೋ ಬೂದಿನೋ, ಅವಳನ್ನ ಕ್ಲಾಸಲ್ಲಿ ಕೂರಿಸಿ ಸಾರ್. ಪಾಠ ಕಿವಿಗಾದ್ರೂ ಬೀಳ್ಲಿ."

"ಅವಳಿಂದ ಬೇರೆ ಮಕ್ಕಳ ಓದು ಹಾಳಾಗುತ್ತೆ. ನಾವೇನು ಸುಮ್ನೆ ಕೂರಿಸಿದೀವಾ? ಜೀವನ ಕೌಶಲ ಕಲಿಸ್ತಿದೀವಿ."

"ಹಂಗಂದ್ರೆ?"

"ಹೇಳಿದ್ರೆ ನಿನಗೆ ಅರ್ಥ ಆಗುತ್ತಾ? ನಡಿ ನಡಿ, ಇವತ್ತು ಶಾಲೆ ತನಿಖೆಗೆ ಸಾಹೇಬರು ಬರ್ತಾರೆ."

ಗಂಡ ಅವಳ ತೋಳು ಹಿಡಿದೆಳೆದ. "ಬಾರೇ. ದೊಡ್ಡೋರ ಹತ್ರ ನಮಗೇನು ಮಾತು."

"ದೊಡ್ಡೋನಂತೆ! ಅವನ ಬಾಯಿಗೆ ಮಣ್ಣು ಹಾಕ."

ಅವಳು ಗೇಟಿನ ಕಡೆ ಹೋಗಲಿಲ್ಲ. ಮೆಟ್ಟಿಲಿನಡಿ ಬಗ್ಗಿ ಮಗಳನ್ನು ಕೈಹಿಡಿದು ಎಬ್ಬಿಸಿಕೊಂಡು, ಸೀದಾ ತರಗತಿಗೆ ನುಗ್ಗಿ ಮುಂದಿನ ಬೆಂಚಿನಲ್ಲಿ ಕೂರಿಸಿದಳು. ಪಕ್ಕದಲ್ಲಿ ತಾನೂ ಕೂತಳು.

"ಏಯ್, ಎದ್ದೇಳು!" ಟೀಚರಮ್ಮ ಮೂಗಿಗೆ ಸೆರಗು ಹಿಡಿದರು.

"ಪಾಠ ನಡೀಲಿ ಅಕ್ಕಾ. ನಾನೂ ಕೇಳ್ತೀನಿ."

ಸುದ್ದಿ ಕೇಳಿ ಹೆಡ್‌ಮಾಸ್ಟರು ಓಡಿ ಬಂದರು. "ಎಳೆದು ಹೊರಗೆ ಹಾಕ್ತೀನಿ ನೋಡು, ಬೋ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ಸಾಹೇಬರ ಬೂಟು ಕಾಣಿಸಿತು. "ಬೋ... ಬೋಧನೆಯಲ್ಲಿ ಪಾಲಕರ ಸಹಭಾಗಿತ್ವ ಸಾರ್! ನಮ್ಮ ಶಾಲೆಯ ಹೊಸ ಪ್ರಯೋಗ."

"ಭೇಷ್!" ಸಾಹೇಬರು ಹಿಗ್ಗಿದರು. "ತಾಯಿ ಮಗಳು ಒಂದೇ ಬೆಂಚಲ್ಲಿ! ಎಲ್ಲಾ ಶಾಲೇಲೂ ಇದನ್ನ ತರಬೇಕು." ಆಮೇಲೆ ಹುಡುಗಿಯ ಕಡೆ ಬಗ್ಗಿ, "ಏನ್ ಪುಟ್ಟೀ, ಶಾಲೇಲಿ ಏನೇನು ಕಲಿತೆ?" ಎಂದರು.

ಹುಡುಗಿಯ ಕತ್ತು ಹೊರಳಿತು, ತುಟಿ ಕೂಡಿಕೊಳ್ಳತೊಡಗಿತು. ಅಷ್ಟರಲ್ಲಿ ಸಾಹೇಬರು ಅವಳ ತಲೆ ಸವರಿ "ಪಾಪ" ಎಂದು ಬಾಗಿಲತ್ತ ತಿರುಗಿಯಾಗಿತ್ತು.

ತಾಯಿ ದಡಕ್ಕನೆ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಕೇಳಿದ್ರಲ್ಲ ಸಾಹೇಬ್ರೇ. ಉತ್ತರ ತಗೊಂಡು ಹೋಗಿ."

"ದಾರಿ ಬಿಡೇ!" ಹೆಡ್‌ಮಾಸ್ಟರು ಕೈ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಹೊರಗೆ ತಲೆತಗ್ಗಿಸಿ ನಿಂತಿದ್ದ ಗಂಡ ಒಳಗೆ ಬಂದು ಹೆಂಡತಿಯ ಪಕ್ಕ ನಿಂತಿದ್ದ. ಮೂಟೆ ಹೊತ್ತು ಬಲಿತ ಭುಜಗಳು ಬಾಗಿಲನ್ನೆಲ್ಲ ತುಂಬಿಕೊಂಡವು.

"ಗು..." ಎಂದಳು ಹುಡುಗಿ. "ಗು... ಗು..."

"ಗುಣಾಕಾರ ಸಾರ್! ಗುಣಾಕಾರ ಅಂತಿದಾಳೆ!" ಹೆಡ್‌ಮಾಸ್ಟರು ನಡುವೆ ಬಾಯಿ ಹಾಕಿದರು.

"ಗು... ಡಿಸೋದು."

ಟೀಚರಮ್ಮ ತಲೆ ತಗ್ಗಿಸಿದರು.

"ಟೀ... ಚರ್... ಕ... ಕಕ್ಕಸು... ತೊ... ತೊಳೆಯೋದು."

ಜೀವನ ಕೌಶಲವೆಂದರೆ ಏನೆಂದು ಚರಂಡಿ ಬಳಿಯುವವಳಿಗೆ ಈಗ ಅರ್ಥವಾಯಿತು. ಈ ಬಾಳು ಮಗಳಿಗೆ ಬೇಡವೆಂದೇ ಅವಳನ್ನು ಇಲ್ಲಿಗೆ ಕಳಿಸಿದ್ದಳು.

"ಸಾಕು ಸಾಕು, ಚೆನ್ನಾಗಿ ಹೇಳಿದೆ," ಸಾಹೇಬರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಹೊರಗೆ ಅವರ ಜೀಪು ಹಾರನ್ನು ಹೊಡೆಯಿತು.

ಹುಡುಗಿಯ ತುಟಿಗಳು ಮತ್ತೆ ಕೂಡಿಕೊಳ್ಳುತ್ತಿದ್ದವು. "ಮ... ಮತ್ತೆ..."

ಗಂಡ ಹಿಂದಕ್ಕೆ ಕೈ ಹಾಕಿ ಬಾಗಿಲ ಚಿಲಕ ಜಡಿದ.

"ಹೇಳು ಮಗಾ," ಎಂದಳು ತಾಯಿ. "ಇಲ್ಲಿ ಯಾರಿಗೂ ಅವಸರ ಇಲ್ಲ."