ವಾಲದ ಬಸ್ಸು

ಮೂವತ್ತೆಂಟನೆಯ ಇಸವಿಯ ಬೇಸಿಗೆ. ಪುಣೆಯ ಸಿದ್ದಲಿಂಗಪ್ಪ ಸಾವುಕಾರರ ಸಾತಾರಾ ಬಸ್ಸು ಒಂಬತ್ತೂವರೆಗೆ ಹೊರಡಬೇಕಿತ್ತು. ಒಂಬತ್ತು ದಾಟುತ್ತಿದ್ದಂತೆ ಅವರ ಬಸ್ಸು ರಿಪೇರಿಯ ಮಿಸ್ತ್ರಿ ಕಾಡಪ್ಪನಿಗೆ ಅದು ಹೊರಡಬಾರದೆಂದು ಗೊತ್ತಾಯಿತು.

ಕಾರಣ ಅವನ ಮುಂದಿದ್ದ ಆಟಿಕೆ ಬಸ್ಸು. ಮೊಳದುದ್ದದ ಹಲಗೆ, ನಾಲ್ಕು ಗಾಲಿ, ಗಾಲಿಯ ಮೇಲೆ ಸ್ಪ್ರಿಂಗಿನಂತೆ ಭಾರ ಹೊರುವ ಉಕ್ಕಿನ ಕಮಾನು ಪಟ್ಟಿಗಳ ಬದಲು ಬಿದಿರ ಸೀಳು. ಹದಿನೈದು ದಿನದ ಹಿಂದೆ ಅವನು ನಿಜವಾದ ಬಸ್ಸಿನ ಅಡಿಗೆ ಎರಡೆರಡು ಪಟ್ಟಿ ಹೆಚ್ಚಿಗೆ ಕೂಡಿಸಿದ್ದ. ಅಂದಿನಿಂದ ನೆತ್ತಿಯ ಮೇಲೆ ಎಷ್ಟು ಹೇರಿದರೂ ಬಸ್ಸು ಕುಗ್ಗುತ್ತಿರಲಿಲ್ಲ, ತಿರುವಿನಲ್ಲಿ ವಾಲುತ್ತಿರಲಿಲ್ಲ. ಪುಣೆಯ ಶುಕ್ರವಾರ ಪೇಟೆಯೆಂಬ ಆ ಕೇರಿಯಲ್ಲೆಲ್ಲ ಅವನದೇ ಹೆಸರು. ಇವತ್ತು ಬೇರೆ ಬಸ್ಸಿನ ಮಾಲೀಕರಿಬ್ಬರು ಆ ಕೆಲಸ ನೋಡಲು ಬರುವವರಿದ್ದರು. ಅವರಿಗೆ ತೋರಿಸಲೆಂದೇ ಸಾವುಕಾರರು ಆಟಿಕೆ ಮಾಡಿಸಿದ್ದು.

ಮೊದಲು ತಾನೊಮ್ಮೆ ನೋಡಿಬಿಡೋಣವೆಂದು ಕಾಡಪ್ಪ ಅದರ ನೆತ್ತಿಗೆ ಹೇರಿನ ಬದಲು ಬೆಲ್ಲದ ಅಚ್ಚು ಕಟ್ಟಿ, ಮಣೆಯ ಮೇಲೆ ಅಡ್ಡ ನಿಲ್ಲಿಸಿ, ಮಣೆಯ ಒಂದು ಅಂಚನ್ನು ಮೆಲ್ಲಗೆ ಎತ್ತಿದ. ತೆಳು ಸೀಳು ಹಾಕಿದಾಗ ಆಟಿಕೆ ಬೇಗನೆ ವಾಲಿತು, ಕಿರುಗುಟ್ಟಿತು, ಆಮೇಲೆ ಬಿತ್ತು. ಹೆಚ್ಚಿನ ಪಟ್ಟಿಗೆ ಸಮನಾಗಿ ದಪ್ಪ ಸೀಳು ಹಾಕಿದಾಗ ನೆಟ್ಟಗೆ ನಿಂತಿತು, ನಿಂತೇ ಇತ್ತು, ಒಮ್ಮೆಲೇ ಧೊಪ್ಪೆಂದು ಮಗುಚಿತು. ಮೂರು ಸಲವೂ ಹಾಗೆಯೇ. ಬೆಲ್ಲ ಇಳಿಸಿದಾಗ ಮಾತ್ರ ಗಟ್ಟಿಯಾಗಿ ನಿಂತಿತು.

ವಾಲುವುದೆಂದರೆ ಬಸ್ಸು 'ಬೀಳುತ್ತೇನೆ' ಎಂದು ಮೊದಲೇ ಕೂಗಿ ಹೇಳಿದಂತೆ. ಆ ಬಾಯಿಗೆ ತಾನೇ ಬಟ್ಟೆ ತುರುಕಿದ್ದ!

ಅಂಗಳಕ್ಕೆ ಓಡಿದ. ಬಸ್ಸು ಗುರುಗುಟ್ಟುತ್ತಿತ್ತು. ಒಳಗೆ ಇಪ್ಪತ್ತೆರಡು ಮಂದಿ, ಮೇಲೆ ಆಳೆತ್ತರ ಬಟ್ಟೆಯ ಗಂಟು. ದಾರಿಯಲ್ಲಿ ಮುಂದೆ ತಿರುವು ತಿರುವಿನ ಕಾತ್ರಜ ಘಾಟು.

"ಸಾವುಕಾರ್ರ, ಮ್ಯಾಲಿನ ಹೇರು ಇಳಸ್ರಿ! ಗೊಂಬಿ ಬಸ್ ಮೂರ ಸಲಾನೂ ಬಿತ್ರಿ, ಈ ಬಸ್ಸೂ ಮಗಚ್ತದ."

"ಮಂದಿ ನೋಡಾಕ ಬಂದು ನಿಂತಾರ, ಈಗೇನೋ ನಿಂದು?" ಸಿದ್ದಲಿಂಗಪ್ಪ ಹಲ್ಲು ಕಚ್ಚಿದರು. "ಪಟ್ಟಿ ಹಾಕಿದಾಂವ ನೀನ ಅಲ್ಲೇನು?"

"ಹೌದ್ರಿ. ತಪ್ಪೂ ನಂದ."

ನೋಡಲು ಬಂದ ಮಾಲೀಕರಲ್ಲೊಬ್ಬ ನಕ್ಕ. "ನಿಮ್ಮ ಮಿಸ್ತ್ರಿ ನಿಮ್ಮ ಮಾಲು ಭಾಳ ಚಲೋ ಹೊಗಳ್ತಾನ ಬಿಡ್ರಿ!"

ಡ್ರೈವರ್ ಮುರುಗೆಪ್ಪ ಕಿಟಕಿಯಿಂದ ತಲೆ ಹಾಕಿದ. "ಗೊಂಬಿ ಬಿತ್ತಂತ ಬಸ್ ಬೀಳ್ತದೇನೋ ಕಾಡಪ್ಪ? ನಿನ್ನೆ ಘಾಟಿನ್ಯಾಗ ಬೆಣ್ಣಿಹಂಗ ತಿರುಗ್ತು. ಮೊದಲಿಗಿಂತ ಜೋರ ಹೊಡದೆ."

ಕಾಡಪ್ಪ ಒಳಗೆ ಹೋಗಿ, ಆಟಿಕೆಗೆ ಮತ್ತೆ ಬೆಲ್ಲ ಕಟ್ಟಿ, ಮಣೆಯೊಡನೆ ತಂದು ಮುರುಗೆಪ್ಪನ ತೊಡೆಯ ಮೇಲಿಟ್ಟ. "ನೀನ ಎತ್ತು. ಬೀಳೋಕಿಂತ ಮೊದಲ 'ಸಾಕು' ಅನ್ನು. ಅಂದಿಯಂದ್ರ ನಾ ಸುಮ್ಮನಾಗ್ತೀನಿ."

ಮುರುಗೆಪ್ಪ ನಗುತ್ತ ಎತ್ತಿದ. "ಇನ್ನೂ ಗಟ್ಟಿ ಅದ... ಇನ್ನೂ ಗಟ್ಟಿ ಅದ..."

ಆಟಿಕೆ ಅವನ ಕಾಲಬುಡಕ್ಕೆ ಬಿದ್ದು ಬೆಲ್ಲ ಒಡೆಯಿತು.

ಅವನ ನಗು ಇಳಿಯಿತು. "ನಿನ್ನೆ ಮೂರನೇ ತಿರುವಿನ್ಯಾಗ," ಎಂದ ನಿಧಾನಕ್ಕೆ, "ಒಳಗಿನ ಗಾಲಿ ಕೆಳಗ ಕಡಿ ಕಲ್ಲಿನ ಸಪ್ಪಳ ಒಂದು ಗಳಿಗಿ ನಿಂತಿತ್ತು. ನಿನ್ನ ಪಟ್ಟಿ ಎಷ್ಟು ಮೆತ್ತಗ ಒಯ್ತಾವು ಅಂದ್ಕೊಂಡೆ."

"ಗಾಲಿ ನೆಲ ಬಿಟ್ಟಿತ್ತೋ, ಮುರುಗ್ಯಾ."

ಮುರುಗೆಪ್ಪ ಇಂಜಿನ್ ಆರಿಸಿದ. ಯಾರನ್ನೂ ಕೇಳದೆ ಹಿಂದಿನ ಏಣಿ ಹತ್ತಿ ಹಗ್ಗ ಬಿಚ್ಚಿದ. ಮೊದಲ ಗಂಟು ಸಾವುಕಾರರ ಕಾಲ ಹತ್ತಿರ ಬಂದು ಬಿದ್ದು ಧೂಳೆದ್ದಿತು.

"ನೋಡಕೋತ ನಿಂತ್ರ ಮಾಲು ಹರೀತದ್ರಿ!" ಮೇಲಿನಿಂದ ಕೂಗಿದ.

ಎರಡನೆಯ ಗಂಟನ್ನು ಸಿದ್ದಲಿಂಗಪ್ಪನವರೇ ಹಿಡಿದರು.