ಮಣ್ಣಿನಲ್ಲಿ ಕೂರಿಸಿದ ಇಟ್ಟಿಗೆ

ಗೋಡೆ ಕಂಡರೆ ಸಾಕು, ಮೇಸ್ತ್ರಿ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಯಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅದು ಆಸ್ಪತ್ರೆಯದಾದರೂ ಸರಿ, ಬೀಗರ ಮನೆಯದಾದರೂ ಸರಿ. ಅದಕ್ಕೇ ನಮ್ಮ ಬೀದಿಯಲ್ಲಿ ಅವರಿಗೆ ಕಿವಿ ಮೇಸ್ತ್ರಿ ಎಂಬ ಹೆಸರು. ಏಣಿಯಿಂದ ಬಿದ್ದು ಒಂದು ಕಾಲು ಗಿಡ್ಡವಾಗಿದ್ದರಿಂದ, ಪ್ರತಿ ಹೆಜ್ಜೆಗೂ ಯಾರಿಗೋ ನಮಸ್ಕರಿಸುವವರಂತೆ ಬಾಗಿ ನಡೆಯುತ್ತಿದ್ದರು. ಮೈಮೇಲೆ ಸದಾ ಸಿಮೆಂಟು ಮೆತ್ತಿ ಬಿರುಸಾದ ಒಂದು ಖಾಕಿ ಕೋಟು. "ಇದನ್ನ ಒಗೆಯೋಕಾಗಲ್ಲ, ಕೆಡವಬೇಕು ಅಷ್ಟೆ" ಎಂದು ಅವರ ಹೆಂಡತಿ ನಗುತ್ತಿದ್ದರು.

ಸುಳ್ಳು ಮಾತ್ರ ಅವರ ಬಾಯಲ್ಲಿ ಹೊರಡುತ್ತಿರಲಿಲ್ಲ. ಸತ್ಯಕ್ಕೆ ಪಣ ತೊಟ್ಟವರೇನಲ್ಲ. ಕೆಲವರಿಗೆ ಶಿಳ್ಳೆ ಹೊಡೆಯಲು ಬರುವುದಿಲ್ಲವಲ್ಲ, ಹಾಗೆ. ಹೊಸ ಮನೆಯ ಒಡೆಯ ನೆಂಟರೆದುರು ಹೆಮ್ಮೆಯಿಂದ "ಹೇಗೆ ಬಂದಿದೆ ಮೇಸ್ತ್ರಿ?" ಎಂದರೆ, "ಈ ಮೂಲೆ ಸೊಟ್ಟ. ನನ್ನದೇ ತಪ್ಪು" ಎನ್ನುವ ಆಸಾಮಿ.

ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ನಡುಗೋಡೆ ಎಬ್ಬಿಸಲು ಅವರನ್ನೇ ಕರೆಯುತ್ತಿದ್ದರು. ಅಂಥ ಗೋಡೆಯಲ್ಲಿ, ಕೂತವರ ಕಿವಿಯ ಮಟ್ಟಕ್ಕೆ, ಒಂದೇ ಒಂದು ಇಟ್ಟಿಗೆಯನ್ನು ಸಿಮೆಂಟಿಲ್ಲದೆ ಬರೀ ಮಣ್ಣಿನಲ್ಲಿ ಕೂರಿಸಿ, ಮೇಲೆ ತೆಳ್ಳಗೆ ಗಿಲಾವು ಬಳಿಯುವುದು ಅವರ ಪದ್ಧತಿ. ಕೇಳಿದವರಿಗೆ ಮುಚ್ಚಿಡುತ್ತಿರಲಿಲ್ಲ. ದರ್ಜಿ ಸೋದರರ ಗೋಡೆಯ ಇಟ್ಟಿಗೆ ಮೂರನೇ ವರ್ಷಕ್ಕೆ ಕಳಚಿತಂತೆ. ಆ ತೂತಿನಲ್ಲಿ ಮೊದಲು ದಾಟಿದ್ದು ಒಂದು ಕತ್ತರಿ, ಆಮೇಲೆ ನಗು. ಮೇಸ್ತ್ರಿ ದೇವರ ವಿಷಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಡೆದವರು ಕೂಡಿಯೇ ಕೂಡುತ್ತಾರೆಂಬ ನಂಬಿಕೆಯೊಂದೇ ಅವರ ಭಕ್ತಿ ಎನಿಸುತ್ತಿತ್ತು.

ನಮ್ಮ ಮನೆಗೂ ಬಂದರು. ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಸೋಪಿನ ನೀರು ಚೆಲ್ಲಿ ಬಳಿಯದೆ ಬಂದವಳು ನನ್ನ ವಾರಗಿತ್ತಿಯೆಂದು ಮನೆಯೆಲ್ಲ ಅಂದಿತು. ಚೆಲ್ಲಿದವಳು ನಾನು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೆದು, ಅಂಗಳದಲ್ಲಿ ಇಟ್ಟಿಗೆ ಬಂದು ಇಳಿದಿತ್ತು.

ಗೋಡೆ ಮುಗಿದ ದಿನ ನಮ್ಮವರು ಕೇಳಿದರು: "ಗಟ್ಟಿಯಾಗಿದೆ ತಾನೆ?"

"ಒಂದು ಇಟ್ಟಿಗೆ ಬಿಟ್ಟು."

"ಬಿಟ್ಟು ಅಂದ್ರೆ?"

"ಅದು ಮಣ್ಣಲ್ಲಿ ಕೂತಿದೆ ಯಜಮಾನ್ರೇ. ಚಮಚದಲ್ಲಿ ಕೆರೆದ್ರೂ ಬರುತ್ತೆ. ಆಚೆಯವರ ಹತ್ರ ಮಾತಾಡ್ಬೇಕು ಅನ್ನಿಸಿದ್ರೆ ಇರ್ಲಿ ಅಂತ."

ನಮ್ಮವರು ಕೆಂಡವಾದರು. "ನಿನಗೆ ಗೋಡೆ ಕಟ್ಟು ಅಂದ್ನೋ, ಕಿಟಕಿ ಇಡು ಅಂದ್ನೋ? ತೆಗೆದು ಸಿಮೆಂಟು ಹಾಕಯ್ಯ!"

ಮೇಸ್ತ್ರಿ ನನ್ನ ಕಡೆ ತಿರುಗಿದರು. "ನೀವೇನಂತೀರಕ್ಕ? ಆಚೆಗೆ ಹೇಳೋದು ಏನಾದ್ರೂ ಉಳಿದಿದ್ಯಾ?"

"ಅವರು ಹೇಳಿದ ಹಾಗೇ ಮಾಡಿ" ಎಂದೆ. ಮೇಸ್ತ್ರಿ ಆ ಇಟ್ಟಿಗೆ ತೆಗೆದು ಸಿಮೆಂಟಿನಲ್ಲಿ ಕೂರಿಸಿ ಹೋದರು.

ಬೀದಿ ಬಾಗಿಲಿನಿಂದಲೇ ಹೋಗಿ ಹೇಳಬಹುದಿತ್ತಲ್ಲ ಎನ್ನುವವರಿದ್ದಾರೆ. ನಾಲ್ಕು ಜನರೆದುರು ನಡೆದುಹೋಗಿ ತಪ್ಪೊಪ್ಪಿಕೊಳ್ಳುವ ಕಾಲು ನನಗಿರಲಿಲ್ಲ. ಮುಖ ಕಾಣದ ಒಂದು ತೂತಿನೆದುರು ಬಾಯಿ ಬರುತ್ತಿತ್ತೋ ಏನೋ. ನಾಲ್ಕು ವರ್ಷ ವಾರಗಿತ್ತಿ ಬಟ್ಟೆ ಕುಕ್ಕುವುದನ್ನು, ಪಾತ್ರೆ ಬೋರಲು ಹಾಕುವುದನ್ನು, ಕೊನೆಕೊನೆಗೆ ಕೆಮ್ಮುವುದನ್ನು ಗೋಡೆಯೀಚೆ ಕೂತು ಕೇಳಿದೆ. ಒಂದು ಬೆಳಿಗ್ಗೆ ಕೆಮ್ಮು ಕೇಳಿಸಲಿಲ್ಲ. ಮನೆಗೇಡಿ ಎಂಬ ಹೆಸರು ಹೊತ್ತೇ ಅವಳು ಹೋದಳು.

ಆಮೇಲೆ ಒಂದು ದಿನ ಮೇಸ್ತ್ರಿ ಸಿಕ್ಕಾಗ ಬೀದಿಯಲ್ಲೇ ಎಲ್ಲವನ್ನೂ ಹೇಳಿ, ಸಿಟ್ಟನ್ನೆಲ್ಲ ಅವರ ಮೇಲೇ ಸುರಿದೆ. "ಅವತ್ತು ಗಟ್ಟಿಯಾಗಿದೆ ಅಂತ ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೊಳೀಲೇ ಇಲ್ಲಕ್ಕ" ಎಂದರು.

ನೀವೊಂದು ನಿಜ ಹೇಳಬಹುದಿತ್ತಲ್ಲ ಎಂದು ನನ್ನನ್ನು ತಿರುಗಿ ಕೇಳಲಿಲ್ಲ. ಅದೂ ಅವರಿಗೆ ಹೊಳೆದಿರಲಾರದು.

ಇಂಥವರನ್ನು ಲೋಕ ಪೆದ್ದರೆನ್ನುತ್ತದೆ. ನಮ್ಮ ಯೋಗ್ಯತೆಯನ್ನು ತೂಗಿ ನೋಡಿ ಅವರು ನಮ್ಮನ್ನು ನಂಬುವುದಿಲ್ಲ. ಉಸಿರಾಡುವ ಹಾಗೆ ಸುಮ್ಮನೆ ನಂಬಿಬಿಡುತ್ತಾರೆ. ಅವರೆದುರು ನಾವು ಸುಳ್ಳಾದದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ನಮಗೆ ಮಾತ್ರ ಗೊತ್ತಾಗುತ್ತದೆ. ಆಯುಷ್ಯವಿಡೀ ಗೊತ್ತಾಗುತ್ತಲೇ ಇರುತ್ತದೆ.