ಬಿಳಿ ಗೆರೆಯ ಆಚೆ

ಬೆಳಿಗ್ಗೆ ಏಳೂವರೆಗೆ ಅಮಲಿಯಾದ ಊರಿನ ನಮ್ಮ ಮನೆಯ ಮುಂದೆ ನನ್ನ ಗಂಡ ಲಾಂಬ್ರೋಸ್ ಕಾರು ಚಾಲೂ ಮಾಡಿದ. ಗೇರು ಹಾಕಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಸುಮ್ಮನೆ ಕೂತ. ಪಕ್ಕದ ಸೀಟಿನಲ್ಲಿದ್ದ ನಾನು ಎದುರುಮನೆಯವರ ನಿಂಬೆಗಿಡ ನೋಡುತ್ತಿದ್ದೆ. ನಾಲ್ಕೈದು ಕ್ಷಣ ಹೋಗಿರಬಹುದು. ಆಮೇಲೆ ಕಾರು ಹೊರಟಿತು.

ಆ ನಾಲ್ಕೈದು ಕ್ಷಣದಲ್ಲಿ ನಾನು ಮಾಡಬೇಕಾದ ಕೆಲಸವೊಂದಿತ್ತು. ಮಾಡಲಿಲ್ಲ. ಮರೆತದ್ದಲ್ಲ.

ಕಾರಿನ ಗೆರೆ ಕಾಯುವ ಯಂತ್ರವನ್ನು ಮೊದಲು ಒಂದು ಸಲ ಆರಿಸಿದರೆ ಆರಿಯೇ ಇರುತ್ತಿತ್ತು. ಏಪ್ರಿಲ್‌ನಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಅಂದಿನಿಂದ ಕಾರು ಚಾಲೂ ಮಾಡಿದಾಗಲೆಲ್ಲ ಅದೂ ಎದ್ದು ಕೂರುತ್ತದೆ. ಚಕ್ರ ಅಂಚಿನ ಬಿಳಿ ಗೆರೆ ಮುಟ್ಟಿದರೆ ಸಾಕು, ಕೂಗಿಕೊಂಡು ಸ್ಟೀರಿಂಗನ್ನು ಒಳಕ್ಕೆ ಎಳೆಯುತ್ತದೆ, ಮೊದಲಿಗಿಂತ ಜೋರಾಗಿ. ಲಾಂಬ್ರೋಸ್ ಅದಕ್ಕೆ ಯಜಮಾನಿ ಅಂತ ಹೆಸರಿಟ್ಟಿದ್ದ. ಯಜಮಾನಿಯನ್ನು ಮಲಗಿಸಬೇಕಾದರೆ ಪರದೆಯಲ್ಲಿ ಎರಡನೆಯ ಪುಟಕ್ಕೆ ಹೋಗಿ, ಕೆಳಗೆ ಸರಿಸಿ, ಸಣ್ಣ ಅಕ್ಷರದ ಸಾಲೊಂದನ್ನು ಒತ್ತಿ, 'ಖಚಿತವೇ?' ಎಂದು ಕೇಳಿದಾಗ ಹೌದು ಅನ್ನಬೇಕು. ಕಾರು ಚಲಿಸುತ್ತಿದ್ದರೆ ಆ ಪುಟ ತೆರೆಯುವುದೇ ಇಲ್ಲ. ಲಾಂಬ್ರೋಸ್‌ಗೆ ಆ ಅಕ್ಷರ ಕಾಣುವುದಿಲ್ಲ, ಕನ್ನಡಕ ಹಾಕುವುದಿಲ್ಲ. ಹಾಗಾಗಿ ಅದು ನನ್ನ ಕೆಲಸವಾಯಿತು. ಅವನು ಕಾರು ಚಾಲೂ ಮಾಡಿ ಕಾಯುತ್ತಿದ್ದ, ನಾನು ಒತ್ತುತ್ತಿದ್ದೆ. ಒಬ್ಬರು ಕೋಟು ಹಿಡಿದಾಗ ಇನ್ನೊಬ್ಬರು ತೋಳು ತೂರಿಸುವ ಹಾಗೆ. ಅದರ ಬಗ್ಗೆ ನಾವು ಮಾತಾಡಿದ್ದೇ ಇಲ್ಲ.

ಪಾತ್ರಾಸ್ ನಗರಕ್ಕೆ ಹೋಗುವ ರಸ್ತೆಯಲ್ಲಿ ಗೆರೆಯೊಳಗೆ ಓಡಿಸುವವನನ್ನು ಒರಟ ಅನ್ನುತ್ತಾರೆ. ನಮ್ಮಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ; ಹೋಗಲು ಒಂದು ಸಾಲು, ಬರಲು ಒಂದು ಸಾಲು. ಹಿಂದೆ ಅವಸರದವನು ಬಂದರೆ ಬಿಳಿ ಗೆರೆ ದಾಟಿ ಬಲ ಅಂಚಿಗೆ ಅರ್ಧ ಕಾರು ಸರಿಸಿ ದಾರಿ ಬಿಡಬೇಕು. ಎದುರಿನವನೂ ತನ್ನ ಅಂಚಿಗೆ ಸರಿಯುತ್ತಾನೆ. ನಡುವೆ ಬಿಟ್ಟುಕೊಂಡ ಜಾಗದಲ್ಲಿ ಅವಸರದವನು ತೂರಿಹೋಗಿ, ಹಿಂದಿನ ದೀಪ ಎರಡು ಸಲ ಮಿನುಗಿಸಿ ಥ್ಯಾಂಕ್ಸ್ ಹೇಳುತ್ತಾನೆ. ಕಾನೂನಿನಲ್ಲಿ ಇದಿಲ್ಲ, ಪೊಲೀಸರ ಕಾರೂ ಹೀಗೇ ಹೋಗುತ್ತದೆ. ಇಪ್ಪತ್ತಾರು ವರ್ಷ ಇದೇ ರಸ್ತೆಯಲ್ಲಿ ಬಸ್ಸು ಓಡಿಸಿದ ಲಾಂಬ್ರೋಸ್‌ಗೆ ದಾರಿ ಬಿಡುವುದು ಉಸಿರಾಡಿದಷ್ಟೇ ಸಹಜ.

ಗ್ಯಾರೇಜಿನವನು ಹೇಳಿದ್ದ: "ಮಾವ, ಅಂಚಿಗೆ ಸರಿಯೋವಾಗ ಬಲಗಡೆ ದೀಪ ಹಾಕು. ಅದು ಸುಮ್ನಿರುತ್ತೆ."

"ಬಲಗಡೆ ದೀಪ ಹಾಕಿದ್ರೆ ನಿಲ್ತೀನಿ ಅಂತ ಅರ್ಥ ಕಣೋ" ಅಂದಿದ್ದ ಲಾಂಬ್ರೋಸ್. "ಹಿಂದಿನವನು ಗಾಬರಿಯಾಗಿ ಬ್ರೇಕ್ ಹಾಕ್ತಾನೆ. ಒಂದು ಯಂತ್ರದ ಖುಷಿಗೆ ರಸ್ತೇಲಿ ಸುಳ್ಳು ಹೇಳ್ಬೇಕಾ ನಾನು?"

ಇದನ್ನೆಲ್ಲ ನಾನು ಒಂಬತ್ತು ದಿನಗಳ ಹಿಂದೆ ನನ್ನ ಅಣ್ಣನ ಹೆಸರುಹಬ್ಬದ, ಅಂದರೆ ಅವನ ಹೆಸರಿನ ಸಂತನ ದಿನದ, ಊಟದಲ್ಲಿ ಕಥೆ ಮಾಡಿ ಹೇಳಿದ್ದೆ. ಬೆಳಿಗ್ಗೆ ಹತ್ತು ಗಂಟೆಗೆ ಪರದೆಯ ಮೇಲೆ ಕಾಫಿ ಲೋಟದ ಚಿತ್ರ ಬಂದು 'ನೀವು ದಣಿದಿದ್ದೀರಿ' ಅಂದದ್ದು. ಲಾಂಬ್ರೋಸ್ ಮೊದಲು ಬೈದದ್ದು, ಆಮೇಲೆ ಅಂಗಲಾಚಿದ್ದು. "ಬಿಡೇ ತಾಯಿ, ಒಂಚೂರು ಬಲಕ್ಕೆ ಬಿಡೇ, ನಿನ್ನ ಕಾಲಿಗೆ ಬೀಳ್ತೀನಿ." ಅವನದೇ ದನಿ ತೆಗೆದು ಹೇಳಿದೆ. ಹನ್ನೆರಡು ಜನ ನಕ್ಕರು. "ಮನೇಲಿ ನನ್ನ ಮಾತು ಕೇಳದೋನು ಅವಳ ಮಾತು ಕೇಳ್ತಾನೆ" ಅಂತ ಬೇರೆ ಸೇರಿಸಿದೆ. ಅಣ್ಣನಿಗೆ ನಗು ತಡೆಯದೆ ವೈನು ಮೂಗಿಗೇರಿತು. ಲಾಂಬ್ರೋಸ್ ಕೂಡ ನಕ್ಕ, ಅರ್ಧ. ಮನೆಗೆ ಬಂದಮೇಲೆ ನನ್ನೊಂದಿಗೆ ಒಂದು ಮಾತೂ ಆಡಲಿಲ್ಲ.

ನಾನೂ ಆಡಲಿಲ್ಲ. ಎಂಟು ದಿನ ಯಜಮಾನಿಯನ್ನು ಮಾತ್ರ ತಪ್ಪದೆ ಮಲಗಿಸಿದೆ. ಅದನ್ನು ಮಾತೆಂದು ಅವನು ಎಣಿಸುತ್ತಾನೆ ಅಂದುಕೊಂಡಿದ್ದೆ. ಒಂಬತ್ತನೆಯ ಬೆಳಿಗ್ಗೆ, ಹೊರಡುವ ಮುಂಚೆ, ನಾನು ಎರಡಡಿ ದೂರದಲ್ಲಿ ನಿಂತಿರುವಾಗ, ಅವನು ತನ್ನ ತಾಯಿಗೆ ಹೇಳಿದ: "ಅಮ್ಮಾ, ಆಸ್ಪತ್ರೆ ಕಾಗದ ಮರೀಬೇಡ ಅಂತ ಅವಳಿಗೆ ಹೇಳು."

"ಅವಳೇನು ಮೆಲ್ಬರ್ನಲ್ಲಿದ್ದಾಳಾ?" ಅಂದರು ಅತ್ತೆ. "ನೀನೇ ಹೇಳು. ನನಗೆ ಕಣ್ಣು ಕಾಣಲ್ಲ, ನಾನೆಲ್ಲಿ ಹುಡುಕ್ಲಿ ಅವಳನ್ನ."

ಅತ್ತೆ ಗಾರಿಫಲಿಯಾಗೆ ಎಂಬತ್ತೆರಡು. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಎಂಟು ತಿಂಗಳು ಕಾದ ಮೇಲೆ ಪಾತ್ರಾಸಿನ ಆಸ್ಪತ್ರೆಯಲ್ಲಿ ಅವತ್ತು ಹತ್ತು ಗಂಟೆಗೆ ಸರದಿ ಸಿಕ್ಕಿತ್ತು.

ಊರು ದಾಟಿ ಹೆದ್ದಾರಿ ಸೇರಿದೆವು. ಹಿಂದಿನ ಸೀಟಿನಲ್ಲಿ ಅತ್ತೆ ಒಬ್ಬರೇ ಮಾತಾಡುತ್ತಿದ್ದರು. ಕಣ್ಣು ಬಂದರೆ ಮೊದಲು ಯಾರ ಮುಖ ನೋಡಬೇಕು, ಯಾರ ಮುಖ ನೋಡಬಾರದು ಎಂದು ಲೆಕ್ಕ ಹಾಕುತ್ತಿದ್ದರು. "ಪಕ್ಕದ್ಮನೆ ಸ್ತಮಾತಾ ಹಲ್ಲು ಕಟ್ಟಿಸ್ಕೊಂಡಿದ್ದಾಳಂತೆ. ಅದೊಂದು ನೋಡ್ಬೇಕು. ಕುದುರೆ ಥರ ಇದೆಯಂತೆ."

ಮೊದಲ ಕಾರು ಹಿಂದೆ ಬಂತು. ಲಾಂಬ್ರೋಸ್ ಅಂಚಿಗೆ ಸರಿದ. ಚಕ್ರ ಗೆರೆ ಮುಟ್ಟಿದ್ದೇ ಯಂತ್ರ ಕೂಗಿತು. ಸ್ಟೀರಿಂಗು ಎಡಕ್ಕೆ ಜಗ್ಗಿತು. ಅವನ ಮುಂಗೈಯ ನರ ಉಬ್ಬಿದ್ದು ಕಂಡಿತು. ಹಿಡಿದ. ಕಾರು ನಮ್ಮನ್ನು ದಾಟಿ ದೀಪ ಮಿನುಗಿಸಿ ಹೋಯಿತು.

"ಏನದು ಕೂಗಿದ್ದು? ಬಾಗ್ಲು ಸರಿಯಾಗಿ ಹಾಕಿಲ್ವಾ ಯಾರೋ?"

"ಹಾಕಿದೆ ಅಮ್ಮಾ."

ಈಗ ಅದನ್ನು ಆರಿಸಬೇಕೆಂದರೆ ಕಾರು ನಿಲ್ಲಬೇಕು. ಕಾರು ನಿಲ್ಲಬೇಕೆಂದರೆ 'ನಿಲ್ಲಿಸು' ಅನ್ನಬೇಕು. ಒಂದು ಮಾತು. ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಕೂತೆ. ಅಷ್ಟು ಸಣ್ಣ ಮಾತು ಅಷ್ಟು ಭಾರವಿರಬಹುದೆಂದು ನನಗೆ ಗೊತ್ತಿರಲಿಲ್ಲ. ಒಂಬತ್ತು ದಿನ ಅವನು ಹಿಡಿದದ್ದನ್ನು ನಾನು ಮೊದಲು ಬಿಡಬೇಕೇ? ಪೆಟ್ರೋಲ್ ಬಂಕ್ ಬಂದಾಗ ಹೇಳುತ್ತೇನೆ ಅಂದುಕೊಂಡೆ. ಬಂಕ್ ಬಂತು, ಹೋಯಿತು. ಮುಂದಿನ ಊರು ಲೆಹೆನಾ ಬಂದಾಗ ಹೇಳುತ್ತೇನೆ ಅಂದುಕೊಂಡೆ.

ಎರಡನೆಯ ಸಲ ಲಾರಿಗೆ ದಾರಿ ಬಿಟ್ಟ. ಯಂತ್ರ ಇನ್ನೂ ಜೋರಾಗಿ ಎಳೆಯಿತು. ಕಾರಿನ ಮೂತಿ ಒಂದು ಗೇಣು ಎಡಕ್ಕೆ ಹೋಗಿ ಹಿಂದಿರುಗಿತು. ಲಾರಿಯವನು ಉದ್ದಕ್ಕೆ ಹಾರ್ನ್ ಒತ್ತಿದ.

"ಲಾಂಬ್ರೋ, ಯಾಕೋ ಹಂಗೆ ಅಲ್ಲಾಡ್ಸ್ತೀಯಾ? ಹೊಟ್ಟೇಲಿರೋ ಕಾಫಿ ಕಿವಿಗೆ ಬಂತು."

"ರಸ್ತೆ ಸರಿಯಿಲ್ಲ ಅಮ್ಮಾ."

ರಸ್ತೆ ಚೆನ್ನಾಗಿತ್ತು. ಅವನ ಕಡೆ ನೋಡಿದೆ. ಕಪಾಳದ ಬಳಿ ಬೆವರು ಇಳಿಯುತ್ತಿತ್ತು. ಅವನು ನನ್ನ ಕಡೆ ನೋಡಲಿಲ್ಲ. ನಾನು ಬಾಯಿ ತೆರೆದೆ. ಅದೇ ಹೊತ್ತಿಗೆ ಅತ್ತೆ, "ಲೆಹೆನಾ ಬಂತಾ? ಸ್ಟ್ರಾಬೆರಿ ತೋಟದ ಪ್ಲಾಸ್ಟಿಕ್ಕಿನ ವಾಸ್ನೆ ಬರ್ತಿದೆ" ಅಂದರು. "ದಾಟ್ತಾ ಇದೀವಿ" ಅಂದ ಲಾಂಬ್ರೋಸ್. ನಾನು ಬಾಯಿ ಮುಚ್ಚಿದೆ.

ವಾರ್ದಾ ಊರು ಇನ್ನೂ ಎರಡು ಕಿಲೋಮೀಟರ್ ಇರುವಾಗ ಹಿಂದೆ ಬಿಳಿ ವ್ಯಾನೊಂದು ಬಂದು ದೀಪ ಹೊಡೆಯಿತು. ಎದುರಿನಿಂದ ಕಲ್ಲಂಗಡಿ ತುಂಬಿದ ಟ್ರಕ್ಕು ಬರುತ್ತಿತ್ತು, ಅದೂ ತನ್ನ ಅಂಚಿಗೆ ಸರಿದಿತ್ತು. ಲಾಂಬ್ರೋಸ್ ಬಲಕ್ಕೆ ಸರಿದ. ವ್ಯಾನು ಧೈರ್ಯವಾಗಿ ನಡುವೆ ನುಗ್ಗಿತು. ಎಡಗಡೆ ಲಾಂಬ್ರೋಸ್ ಪಕ್ಕದ ಕಿಟಕಿ ತುಂಬ ಬಿಳಿ ತಗಡು. ಆಗ ಯಂತ್ರ ಕೂಗಿ ಎಳೆಯಿತು. ಕಾರು ಎಡಕ್ಕೆ, ಆ ತಗಡಿನತ್ತ ಹೋಯಿತು. 'ಟಪ್' ಎಂದು ಗುಂಡು ಹೊಡೆದಂಥ ಸದ್ದು. ನಮ್ಮ ಎಡಗನ್ನಡಿ ಹಾರಿಹೋಯಿತು. ಲಾಂಬ್ರೋಸ್ ಇಡೀ ಮೈಯಿಂದ ಸ್ಟೀರಿಂಗನ್ನು ಬಲಕ್ಕೆ ಎಳೆದ. ಯಂತ್ರ ಬಿಟ್ಟುಕೊಟ್ಟಿತು, ಒಮ್ಮೆಲೇ. ಕಾರು ಅಂಚು ದಾಟಿ, ಜಲ್ಲಿಯ ಮೇಲೆ ಅಡ್ಡಲಾಗಿ ಜಾರಿ, ಜೊಂಡಿನೊಳಗೆ ಮೂತಿ ತೂರಿಸಿ ನಿಂತಿತು.

ಧೂಳು. ಜೊಂಡಿನ ಎಲೆಗಳು ಗಾಜಿಗೆ ಒರಗಿದ್ದವು. ನಾನು ಹಿಂದೆ ತಿರುಗಿದೆ. ಅತ್ತೆ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು. ಗಾಯವಿರಲಿಲ್ಲ.

ವ್ಯಾನು ಮುಂದೆ ನಿಂತಿತ್ತು. ಮೂವತ್ತರ ಆಸುಪಾಸಿನ ಗಂಡಸೊಬ್ಬ ಓಡಿಬಂದ, ಮೀನಿನ ವಾಸನೆಯ ಏಪ್ರನ್ನಿನಲ್ಲಿ. ಲಾಂಬ್ರೋಸ್ ಇಳಿದ. ನಾನೂ ಇಳಿದೆ.

"ದಾರಿ ಬಿಟ್ಟೆಯಲ್ಲಾ ಅಂತ ನಂಬಿ ನುಗ್ಗಿದೆ ಅಜ್ಜಾ! ಬಿಟ್ಟೋನು ವಾಪಸ್ ಮೈಮೇಲೆ ಬರ್ತಾನಾ? ಬೆಳಿಗ್ಗೆ ಬೆಳಿಗ್ಗೇನೇ ಕುಡಿದಿದ್ದೀಯಾ?"

ಲಾಂಬ್ರೋಸ್ ಜಲ್ಲಿ ನೋಡುತ್ತ, "ನನ್ನ ತಪ್ಪು" ಅಂದ. "ಕೈ ಜಾರ್ತು."

"ಕೈ ಜಾರ್ತಾ? ಕೈ ಜಾರೋ ವಯಸ್ಸಿಗೆ ಬಸ್ಸಲ್ಲಿ ಹೋಗ್ಬೇಕಪ್ಪಾ!"

ಇಪ್ಪತ್ತಾರು ವರ್ಷ ಒಂದು ಗೀರೂ ಇಲ್ಲದೆ ಓಡಿಸಿದವನು ತಲೆ ತಗ್ಗಿಸಿ ನಿಂತಿದ್ದ. ಕಾರು ಎಳೆಯಿತು ಅನ್ನಬಹುದಿತ್ತು. ಅಂದಿದ್ದರೆ ಯಾಕೆ ಆರಿಸಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆ ನನ್ನ ಹತ್ತಿರ ಬರದ ಹಾಗೆ ಅವನು ಅಡ್ಡ ನಿಂತಿದ್ದಾನೆ ಅನ್ನಿಸಿತು.

"ಅವನ ಕೈ ಜಾರ್ಲಿಲ್ಲ" ಅಂದೆ. "ಕಾರು ಎಳೀತು. ಅದನ್ನ ದಿನಾ ಆರ್ಸೋಳು ನಾನು. ಇವತ್ತು ಆರಿಸ್ಲಿಲ್ಲ."

"ಮರೆತ್ರಾ?"

"ಇಲ್ಲ. ಜಗಳ ಆಗಿತ್ತು."

ಅವನು ನಮ್ಮಿಬ್ಬರನ್ನೂ ಸರದಿಯಾಗಿ ನೋಡಿದ. "ಅಯ್ಯೋ ದೇವಮಾತೆ! ನಿಮಗೆ ಜಗಳ ಆಡೋಕೆ ಮನೇಲಿ ಜಾಗ ಇರ್ಲಿಲ್ವಾ? ಪಾತ್ರೆ ಒಡೀರಿ, ಗೋಡೆ ಒಡೀರಿ. ನನ್ನ ತಲೆ ಯಾಕೆ?" ಬಿದ್ದಿದ್ದ ಕನ್ನಡಿಯ ಚೂರನ್ನು ಕಾಲಿನಿಂದ ಅಂಚಿಗೆ ತಳ್ಳಿದ. "ಪೊಲೀಸ್ ಕರೆಯೋಕೂ ಟೈಮಿಲ್ಲ ನನಗೆ, ಐಸು ಕರಗ್ತಿದೆ. ಮನೆಗೆ ಹೋಗಿ. ಇಬ್ರೂ ಮನೆಗೆ ಹೋಗಿ."

ವ್ಯಾನು ಹೋಯಿತು. ನಾವು ಕಾರಿನ ಪಕ್ಕ ನಿಂತಿದ್ದೆವು.

"ಗೊತ್ತಿತ್ತು" ಅಂದ ಲಾಂಬ್ರೋಸ್.

ಒಂಬತ್ತು ದಿನದ ನಂತರ ನನಗೆ ಹೇಳಿದ ಮೊದಲ ಮಾತು. "ಏನು ಗೊತ್ತಿತ್ತು?" ಅಂದೆ.

"ನೀನು ಆರಿಸ್ಲಿಲ್ಲ ಅಂತ. ಮನೆ ಮುಂದೇನೇ ಗೊತ್ತಿತ್ತು. ಕಾಯ್ತಿದ್ದೆ. ನೀನು ಹೊರಗೆ ನೋಡ್ತಿದ್ದೆ."

"ಒಂದು ಮಾತು ಹೇಳ್ಬಹುದಿತ್ತಲ್ಲ, ಲಾಂಬ್ರೋ."

"ಹೇಳ್ಬಹುದಿತ್ತು."

"ಲೆಹೆನಾದಲ್ಲಿ ನಿಲ್ಲಿಸ್ಬಹುದಿತ್ತು."

"ನಿಲ್ಸಿದ್ರೆ ನೀನು ಗೆದ್ದಂಗಾಗ್ತಿತ್ತು."

ರಸ್ತೆ ನೋಡುತ್ತ, ದನಿ ಏರಿಸದೆ ಹೇಳಿದ. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅಮಲಿಯಾದದಿಂದ ವಾರ್ದಾವರೆಗೆ ನನ್ನೊಳಗೆ ತಿರುಗುತ್ತಿದ್ದದ್ದೂ ಅದೇ ವಾಕ್ಯ. ಎರಡು ತಲೆ ಒಂದೇ ವಾಕ್ಯ ಹಿಡಿದುಕೊಂಡು ಮೂರು ಜೀವ ಹೊತ್ತು ನೂರರ ವೇಗದಲ್ಲಿ ಬಂದಿದ್ದವು.

ಹಿಂದಿನ ಬಾಗಿಲು ತೆರೆಯಿತು. ಅತ್ತೆ ಕಾಲು ಚಾಚಿ ನೆಲ ಹುಡುಕಿದರು. ನಾನು ಕೈ ಕೊಡಲು ಹೋದೆ. ಹಿಡಿಯಲಿಲ್ಲ. ಕಾರಿನ ಮೈ ಸವರಿಕೊಂಡು ತಾವೇ ಎದ್ದು ನಿಂತರು.

"ಇಬ್ರಿಗೂ ಗೊತ್ತಿತ್ತಾ?" ಅಂದರು.

ನಾನು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ನಾನು ಹಿಂದೆ ಕೂತು ಸ್ತಮಾತಾ ಹಲ್ಲಿನ ವಿಷ್ಯ ಹೇಳ್ತಿದ್ದೆ. ನಿಮಗಿಬ್ರಿಗೂ ಗೊತ್ತಿತ್ತು." ರಸ್ತೆಯ ಸದ್ದಿನತ್ತ ಮುಖ ತಿರುಗಿಸಿದರು. "ಎಂಟೂವರೆ ಬಸ್ಸು ಇನ್ನೂ ಹೋಗಿಲ್ಲ ಅಲ್ವಾ? ನನ್ನನ್ನ ಬಸ್ಸು ಹತ್ಸು."

"ಅಮ್ಮಾ, ಕಾರಿಗೇನೂ ಆಗಿಲ್ಲ. ನಾನು ನಿಧಾನವಾಗಿ..."

"ಕಾರಿಗೆ ಏನಾಗಿದೆ ಅಂತ ನಾನು ಕೇಳ್ಲಿಲ್ಲ ಲಾಂಬ್ರೋ. ಬಸ್ಸು ಹತ್ಸು."

ಅವನು ರಸ್ತೆಯಂಚಿನಲ್ಲಿ ಕೈ ಎತ್ತಿ ನಿಂತ. ಹತ್ತು ನಿಮಿಷಕ್ಕೆ ಬಸ್ಸು ಬಂತು. ಓಡಿಸುತ್ತಿದ್ದವನು ಅಕಿಸ್. ಲಾಂಬ್ರೋಸೇ ಅವನಿಗೆ ಈ ರಸ್ತೆ ಕಲಿಸಿದವನು. ಬಾಗಿಲು ತೆರೆದವನೇ ನಗುತ್ತ, "ಏನು ಗುರುವೇ, ಜೊಂಡಿನಲ್ಲಿ ಬಾತುಕೋಳಿ ಹಿಡೀತಿದ್ಯಾ?" ಅಂದ. ಆಮೇಲೆ ಕನ್ನಡಿಯಿಲ್ಲದ ಕಾರು ಕಂಡು ನಗು ನಿಲ್ಲಿಸಿದ.

"ನಮ್ಮ ಅಮ್ಮನ್ನ ಆಸ್ಪತ್ರೆ ಹತ್ರ ಇಳ್ಸು. ಹಿಂದೇನೇ ಬರ್ತೀವಿ."

"ನಾನೂ ಬಸ್ಸಲ್ಲೇ ಬರ್ತೀನಿ ಅತ್ತೆ" ಅಂದೆ.

"ಬೇಡ." ಮೆಟ್ಟಿಲ ಮೇಲೆ ನಿಂತು, ನಾನಿರುವ ದಿಕ್ಕಿಗೆ ಸರಿಯಾಗಿ ಮುಖ ಮಾಡಿ ಹೇಳಿದರು. "ನೀವಿಬ್ರೂ ಅದ್ರಲ್ಲೇ ಬನ್ನಿ. ಮಾತಾಡ್ಕೊಂಡು ಬನ್ನಿ."

ಲಾಂಬ್ರೋಸ್ ಕಾರನ್ನು ಜೊಂಡಿನಿಂದ ಹಿಂದಕ್ಕೆ ತೆಗೆದ. ಅಂಚಿನಲ್ಲಿ ನಿಲ್ಲಿಸಿ, "ಅದನ್ನ ಆರ್ಸು ಥೆಕ್ಲಾ" ಅಂದ. ಆರಿಸಿದೆ. ಅದಕ್ಕೆ ಮೊದಲು ಎರಡು ಸಲ ತಪ್ಪು ಸಾಲು ಒತ್ತಿದೆ.

ಬೇಗನೆ ಬಸ್ಸಿನ ಹಿಂದೆ ಸೇರಿದೆವು. ಅಕಿಸ್ ನಮ್ಮನ್ನು ಕಂಡು ಅಂಚಿಗೆ ಸರಿದು, ಮುಂದೆ ಹೋಗಿ ಅಂತ ಕಿಟಕಿಯಿಂದ ಕೈ ಬೀಸಿದ. ಲಾಂಬ್ರೋಸ್ ಹೋಗಲಿಲ್ಲ. ನಮ್ಮ ಹಿಂದೆ ಸಾಲು ಬೆಳೆಯಿತು, ಹಾರ್ನು ಕೇಳಿತು. ನಾವು ಸರಿದಾಗ ಅವರೆಲ್ಲ ಒಬ್ಬೊಬ್ಬರಾಗಿ ಬಸ್ಸನ್ನೂ ನಮ್ಮನ್ನೂ ದಾಟಿ ಹೋದರು.

"ಅವತ್ತು ಊಟದಲ್ಲಿ" ಅಂದ ಲಾಂಬ್ರೋಸ್. "ಅವ್ರೆಲ್ಲ ನಕ್ಕಿದ್ದಕ್ಕಲ್ಲ."

"ಮತ್ತೆ?"

"ನನ್ನ ದನಿ ತೆಗೆದೆಯಲ್ಲ. ಸರಿಯಾಗಿ ತೆಗೆದೆ. ನಾನು ಹಂಗೆ ಅಂಗಲಾಚ್ತೀನಿ ಅಂತ ನನಗೇ ಗೊತ್ತಿರ್ಲಿಲ್ಲ."

ಸುಮ್ಮನಿರಲು ಭಯವಾಯಿತು. "ಅಕ್ಷರ ನನಗೂ ಸರಿಯಾಗಿ ಕಾಣಲ್ಲ" ಅಂದೆ. "ಎಷ್ಟನೇ ಸಾಲು ಅಂತ ಎಣಿಸ್ಕೊಂಡು ಒತ್ತೋದು."

ಅವನು ಹೂಂ ಅಂದ. ನಗಲಿಲ್ಲ. ಕ್ಷಮಿಸು ಅಂತ ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅದಕ್ಕಿನ್ನೂ ದೂರವಿತ್ತು. ಬಸ್ಸಿನ ಹಿಂದಿನ ಗಾಜಿನೊಳಗೆ, ಕೊನೆಯ ಸೀಟಿನಲ್ಲಿ, ಅತ್ತೆಯ ಕರಿ ತಲೆವಸ್ತ್ರ ಕಾಣುತ್ತಿತ್ತು. ತಿರುಗಿದರೂ ಅವರಿಗೆ ನಾವು ಕಾಣುತ್ತಿರಲಿಲ್ಲ. ಆದರೂ ಪಾತ್ರಾಸ್ ಬರುವವರೆಗೆ ನಾನು ಅವರು ತಿರುಗುತ್ತಾರೇನೋ ಅಂತ ನೋಡುತ್ತಲೇ ಇದ್ದೆ.